ವಾಹನಕ್ಕೆ ಕವಚ, ಬಂಡೆಗೆ ಏನು?

ಕಲ್ಲುದಾರಿಯಲ್ಲಿ ಓಡಿಸಲೆಂದು ವಿಶೇಷವಾಗಿ ಸಜ್ಜುಗೊಳಿಸಿದ ಪಿಕಪ್ ವಾಹನಗಳ ಪಕ್ಕೆಯಲ್ಲಿ ಇಂದು ಒಂದು ಹೆಚ್ಚುವರಿ ಅಂಗ ಕಾಣಸಿಗುತ್ತದೆ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ, ಬಾಗಿಲುಗಳ ಕೆಳಗೆ, ಚಾಸಿಗೆ ಬೆಸೆದ ದಪ್ಪನೆಯ ಉಕ್ಕಿನ ಕೊಳವೆ ಅದು. ಅದಕ್ಕೆ ರಾಕ್ ಸ್ಲೈಡರ್ ಎಂದು ಹೆಸರು. ಕನ್ನಡದಲ್ಲಿ ಜಾರುಕಂಬಿ ಎಂದು ಕರೆದರೆ ತಪ್ಪಾಗಲಾರದು. ಗಾಲಿಯು ಬಂಡೆಯ ಅಂಚಿನಿಂದ ಜಾರಿದಾಗ ವಾಹನದ ಒಡಲು ಬಂಡೆಯ ಮೇಲೆ ಕೂರುತ್ತದೆ. ಆಗ ಬಾಗಿಲ ಕೆಳಗಿನ ತಗಡಿನ ಹೊಸ್ತಿಲು ಜಜ್ಜಿಹೋಗದಂತೆ ಭಾರವನ್ನು ತಾನು ಹೊತ್ತು, ವಾಹನವನ್ನು ಕಲ್ಲಿನ ಮೇಲೆ ಜಾರಿಸಿ ಮುಂದಕ್ಕೆ ದಾಟಿಸುವುದೇ ಜಾರುಕಂಬಿಯ ಕೆಲಸ.

ಇದು ಗ್ಯಾರೇಜಿಗೆ ಸೇರಿದ ವಿಷಯ, ಪರಿಸರದ ಪತ್ರಿಕೆಗೆ ಇದರಿಂದ ಏನಾಗಬೇಕು ಎಂದು ಓದುಗರು ಕೇಳಬಹುದು. ಉತ್ತರ ಸರಳವಾಗಿದೆ. ಕಲ್ಲಿಗೆ ಕಬ್ಬಿಣ ತಾಗುವಾಗ ಅಲ್ಲಿ ಎರಡು ಪಕ್ಷಗಳಿರುತ್ತವೆ. ಜಾರುಕಂಬಿ ಒಂದು ಪಕ್ಷಕ್ಕೆ ಮಾತ್ರ ಕವಚ ತೊಡಿಸುತ್ತದೆ. ಇನ್ನೊಂದು ಪಕ್ಷವಾದ ಬಂಡೆ, ಅದರ ಬುಡದ ಮಣ್ಣು, ಸಂದಿನಲ್ಲಿ ಬದುಕುವ ಜೀವಿಗಳು ಬರಿಮೈಯಲ್ಲೇ ಉಳಿಯುತ್ತವೆ. ಅಷ್ಟೇ ಅಲ್ಲದೆ, ಕವಚ ತೊಟ್ಟ ವಾಹನ ಹಿಂದೆ ಹೆದರಿ ನಿಲ್ಲುತ್ತಿದ್ದ ಕಡೆಗೂ ಈಗ ಧೈರ್ಯವಾಗಿ ನುಗ್ಗುತ್ತದೆ. ಕೊಂಡ್ಲಹಳ್ಳಿಯಂಥ ಊರುಗಳ ಸುತ್ತಣ ಕಲ್ಲುಗುಡ್ಡಗಳ ಭವಿಷ್ಯ ಈ ಧೈರ್ಯದ ಮಿತಿಯನ್ನು ಯಾರು ನಿರ್ಧರಿಸಬೇಕು ಎಂಬ ಪ್ರಶ್ನೆಗೆ ಕಟ್ಟಿಬಿದ್ದಿದೆ.

ಮೊಳಕಾಲ್ಮೂರು ಮತ್ತು ಚಳ್ಳಕೆರೆ ತಾಲ್ಲೂಕುಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿನಲ್ಲಿವೆ. ವರ್ಷವೊಂದಕ್ಕೆ ಬೀಳುವ ಮಳೆ 500 ಮಿಲಿಮೀಟರಿನ ಆಸುಪಾಸಿನದು. ಶೇಂಗಾ ಬೆಳೆಯುವ ಕೆಂಪು ನೆಲ, ನಡುನಡುವೆ ಎದ್ದು ನಿಂತ ಗುಂಡುಕಲ್ಲಿನ ಗುಡ್ಡಗಳು, ಕುರುಚಲು ಕಾಡು, ಹುಲ್ಲುಗಾವಲಿನ ಕಾವಲುಗಳು: ಇದು ಈ ಸೀಮೆಯ ಚಹರೆ. ಇಲ್ಲಿ ಪಿಕಪ್ ವಾಹನವೆಂಬುದು ವಿಲಾಸದ ವಸ್ತುವಲ್ಲ. ಬಿತ್ತನೆಯ ಬೀಜ, ಗೊಬ್ಬರ, ಶೇಂಗಾ ಚೀಲ, ಕುರಿಮರಿ, ನೀರಿನ ಡ್ರಮ್ಮು, ಕೆಲವೊಮ್ಮೆ ಹೆರಿಗೆಯ ನೋವು ತಿನ್ನುತ್ತಿರುವ ಹೆಣ್ಣುಮಗಳು, ಎಲ್ಲರನ್ನೂ ಎಲ್ಲವನ್ನೂ ಹೊತ್ತು ಹೊಲದ ದಾರಿಯಿಂದ ಡಾಂಬರಿನ ದಾರಿಗೆ ತಲುಪಿಸುವ ಬಂಡಿ ಅದು. ಹೊಲದ ದಾರಿಯಲ್ಲಿ ಹಾಸುಗಲ್ಲು ತಲೆಯೆತ್ತಿದ್ದರೆ, ಹಳ್ಳದ ಇಳಿಜಾರಿನಲ್ಲಿ ಗುಂಡುಕಲ್ಲು ಉರುಳಿ ಬಿದ್ದಿದ್ದರೆ, ವಾಹನದ ಹೊಟ್ಟೆಗೆ ಪೆಟ್ಟು ಬೀಳುವುದು ಸಹಜ. ಅಂಥ ವಾಹನದ ಒಡೆಯನು ಪಕ್ಕೆಗೊಂದು ರಕ್ಷೆ ಬಯಸಿದರೆ ಅದನ್ನು ಅಪರಾಧವೆಂಬಂತೆ ನೋಡುವುದು ಸಲ್ಲದು. ಬದುಕಿನ ಅಗತ್ಯಕ್ಕಾಗಿ ಕಲ್ಲು ದಾಟುವವನನ್ನೂ ಮೋಜಿಗಾಗಿ ಕಲ್ಲು ಹುಡುಕಿ ಹೊರಡುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಆದರೆ ಅಗತ್ಯವುಳ್ಳವನೂ ಮೊದಲು ತಿಳಿಯಬೇಕಾದ ಸಂಗತಿಗಳಿವೆ. ಬೆಸೆದ ಕಂಬಿ ಕಳಚಿಡುವ ವಸ್ತುವಲ್ಲ. ಒಮ್ಮೆ ಚಾಸಿಗೆ ಬೆಸುಗೆ ಬಿದ್ದಮೇಲೆ ಆ ಉಕ್ಕು ಮೊದಲಿನಂತೆ ಆಗುವುದಿಲ್ಲ. ಬೆಸುಗೆಯ ಜ್ವಾಲೆ ತಾಗಿದ ಆಸುಪಾಸಿನ ಲೋಹದ ಗುಣವೇ ಬದಲಾಗುತ್ತದೆ. ಕೆಲವು ಕಡೆ ಗಡಸಾಗಿ ಬಿರುಕಿಗೆ ಆಸ್ಪದವಾಗುತ್ತದೆ, ಕೆಲವು ಕಡೆ ಮೃದುವಾಗಿ ಬಲ ಕುಂದುತ್ತದೆ. ಹೊರೆ ಹೊತ್ತು ದಿನವೂ ಕುಲುಕುವ ವಾಹನದಲ್ಲಿ ಅಂಥ ಬಿರುಕು ಕಣ್ಣಿಗೆ ಕಾಣದೆ ಬೆಳೆಯಬಲ್ಲದು. ಹೊರೆಸಹಿತ ಸುಮಾರು ಮೂರು ಟನ್ ತೂಗುವ ಪಿಕಪ್ಪಿನ ಬೆನ್ನುಮೂಳೆ ಅದರ ಚಾಸಿ. ಬೆನ್ನುಮೂಳೆಗೆ ಕೈಹಾಕುವವನು ತಿಳಿದು ಕೈಹಾಕಬೇಕು.

ಸರಿಯಾದ ಕ್ರಮವನ್ನು ಬಲ್ಲ ಬೆಸುಗೆಗಾರರು ಹೇಳುವುದು ಹೀಗೆ. ಕಂಬಿಯ ಕಾಲುಗಳನ್ನು ಎಂದಿಗೂ ಬಾಗಿಲ ಕೆಳಗಿನ ತಗಡಿಗೆ ಬೆಸೆಯಕೂಡದು. ಆ ತಗಡು ತೀರ ತೆಳುವಾದದ್ದು, ಭಾರ ಬಿದ್ದೊಡನೆ ಒಳಕ್ಕೆ ಕುಸಿಯುತ್ತದೆ. ಕಾಲುಗಳು ಚಾಸಿಯ ಪಕ್ಕದ ಗೋಡೆಗೇ ಸೇರಬೇಕು. ಅಲ್ಲಿಯೂ ಕಾಲನ್ನು ನೇರವಾಗಿ ಬೆಸೆಯದೆ, ನಾಲ್ಕೈದು ಮಿಲಿಮೀಟರ್ ದಪ್ಪದ ಅಗಲ ಪಟ್ಟಿಯೊಂದನ್ನು ಮೊದಲು ಚಾಸಿಗೆ ಕೂರಿಸಿ, ಅದರ ಮೇಲೆ ಕಾಲು ನಿಲ್ಲಿಸಿದರೆ ಪೆಟ್ಟಿನ ಭಾರ ಒಂದೇ ಬಿಂದುವಿನಲ್ಲಿ ನಿಲ್ಲದೆ ಹರಡಿಕೊಳ್ಳುತ್ತದೆ. ಚಾಸಿಯ ಮೇಲಂಚು ಮತ್ತು ಕೆಳಂಚುಗಳು ಅತಿ ಹೆಚ್ಚು ಎಳೆತ ಹಾಗೂ ಒತ್ತಡ ತಾಳುವ ಜಾಗಗಳಾದ್ದರಿಂದ ಅವುಗಳ ಮೇಲೆ ಅಡ್ಡಡ್ಡವಾಗಿ ಬೆಸುಗೆ ಎಳೆಯಬಾರದು. ಪಕ್ಕವೊಂದಕ್ಕೆ ಮೂರು ಅಥವಾ ನಾಲ್ಕು ಕಾಲುಗಳು ಬೇಕು. ಒಡಲು ರಬ್ಬರಿನ ಬಿಲ್ಲೆಗಳ ಮೇಲೆ ಕುಳಿತಿರುವುದರಿಂದ ಅದು ಅಲುಗಾಡುತ್ತದೆ. ಆದಕಾರಣ ಕಂಬಿಗೂ ಒಡಲಿಗೂ ನಡುವೆ ಬೆರಳು ಹೋಗುವಷ್ಟು ಅಂತರ ಬಿಡಬೇಕು.

ಕೆಲಸ ಶುರುಮಾಡುವ ಮೊದಲು ಬ್ಯಾಟರಿಯ ತಂತಿ ಕಳಚಬೇಕು. ಇಲ್ಲವಾದರೆ ಬೆಸುಗೆಯ ವಿದ್ಯುತ್ತು ವಾಹನದ ಎಲೆಕ್ಟ್ರಾನಿಕ್ ಸಾಧನಗಳನ್ನು ಸುಟ್ಟೀತು. ಚಾಸಿಯ ಒಳಬದಿಯಲ್ಲಿ ಇಂಧನದ ಕೊಳವೆ, ಬ್ರೇಕಿನ ಕೊಳವೆ, ತಂತಿಗಳ ಕಟ್ಟು ಹಾದುಹೋಗುತ್ತವೆ. ಅವನ್ನು ಸರಿಸಿ, ಮರೆಮಾಡಿ, ಬೆಂಕಿ ಆರಿಸುವ ಸಾಧನವನ್ನು ಕೈಗೆಟಕುವಂತೆ ಇಟ್ಟುಕೊಂಡೇ ಕಿಡಿ ಹೊತ್ತಿಸಬೇಕು. ಬಣ್ಣ, ತುಕ್ಕು, ಜಿಡ್ಡು ಹೋಗಿ ಲೋಹ ಹೊಳೆಯುವಂತೆ ತಿಕ್ಕಬೇಕು. ಮೊದಲು ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿ ಅಳತೆ ನೋಡಿಕೊಂಡು, ಬಳಿಕ ಒಂದು ಕಾಲಿನಿಂದ ಇನ್ನೊಂದಕ್ಕೆ ಜಾಗ ಬದಲಿಸುತ್ತ, ತಣಿಯಲು ಬಿಡುತ್ತ ಮುಗಿಸಬೇಕು. ಕೊನೆಗೆ ಬೆಸುಗೆಯ ಮೇಲೂ ಸುತ್ತಲೂ ತುಕ್ಕುನಿರೋಧಕ ಬಣ್ಣ ಬಳಿಯಬೇಕು.

ಹಳ್ಳಿಯ ವೆಲ್ಡಿಂಗ್ ಶಾಪುಗಳಲ್ಲಿ ಅಗ್ಗವೆಂದು ನೀರಿನ ಜಿ.ಐ. ಪೈಪನ್ನೇ ಕಂಬಿಗೆ ಬಳಸುವ ಆಸೆ ಮೂಡುವುದುಂಟು. ಇದು ಎರಡು ಬಗೆಯಲ್ಲಿ ಕೇಡು. ಆ ಕೊಳವೆ ನೀರು ಸಾಗಿಸಲು ಮಾಡಿದ್ದು. ಬಂಡೆಯ ಪೆಟ್ಟು ತಾಳಲು ಮಾಡಿದ್ದಲ್ಲ. ಮೇಲಾಗಿ ಅದರ ಮೇಲಿನ ಸತುವಿನ ಲೇಪ ಬೆಸುಗೆಯ ಕಾವಿಗೆ ಆವಿಯಾಗಿ ಏಳುತ್ತದೆ. ಆ ಬಿಳಿ ಹೊಗೆಯನ್ನು ಉಸಿರಾಡಿದವನಿಗೆ ಸಂಜೆಯ ಹೊತ್ತಿಗೆ ಚಳಿ, ಜ್ವರ, ಮೈಕೈ ನೋವು ಕಾಣಿಸಿಕೊಳ್ಳುತ್ತವೆ. ಲೋಹದ ಹೊಗೆಯ ಜ್ವರವೆಂದು ವೈದ್ಯರು ಗುರುತಿಸಿದ ವ್ಯಾಧಿ ಇದು. ವಾಹನದ ಪಕ್ಕೆಯನ್ನು ಕಾಪಾಡಲು ಬೆಸುಗೆಗಾರನ ಪುಪ್ಪುಸವನ್ನು ಬಲಿಕೊಡುವುದು ಯಾವ ನ್ಯಾಯ? ಕಣ್ಣಿಗೆ ಗಾಜಿನ ಮರೆಯಿಲ್ಲದೆ, ಕೈಗೆ ಚರ್ಮದ ಗವಸಿಲ್ಲದೆ, ಹದಿಹರೆಯದ ಹುಡುಗರನ್ನು ಈ ಕೆಲಸಕ್ಕೆ ಹಚ್ಚುವ ರೂಢಿ ಎಲ್ಲಿದ್ದರೂ ಅದು ನಿಲ್ಲಬೇಕು.

ಇನ್ನು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ತಯಾರಕನು ಮೂಲತಃ ನಮೂದಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ನಿಯಮವನ್ನು ಬಿಗಿಯಾಗಿಯೇ ಅರ್ಥೈಸಿತು. ಅದೇ ವರ್ಷ ತಿದ್ದುಪಡಿಯಾದ ಕಾಯಿದೆಯು, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಒಡೆಯನಿಗೆ 5,000 ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸೆರೆಯನ್ನೋ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ಅದಕ್ಕೂ ಮುನ್ನ, 2017ರ ಡಿಸೆಂಬರಿನಲ್ಲಿ, ವಾಹನಗಳ ಮೂತಿಗೆ ಕಟ್ಟುವ ಬುಲ್‌ಬಾರ್ ಎಂಬ ಕಬ್ಬಿಣದ ಚೌಕಟ್ಟಿನ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯವು ರಾಜ್ಯಗಳಿಗೆ ಬರೆದಿತ್ತು. ವಾಹನಕ್ಕೆ ರಕ್ಷೆಯಾದ ಕಬ್ಬಿಣ ದಾರಿಹೋಕನಿಗೆ ಮೃತ್ಯುವಾಗಬಾರದೆಂಬುದು ಅದರ ಹಿಂದಿನ ಕಾಳಜಿ. ತಯಾರಕನು ಒದಗಿಸದ, ಚಾಸಿಗೆ ಬೆಸೆದ ಪಕ್ಕೆಯ ಕಂಬಿಯೂ ಇದೇ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ಆದ್ದರಿಂದ ಕಿಡಿ ಹೊತ್ತಿಸುವ ಮೊದಲೇ ಸಾರಿಗೆ ಕಚೇರಿಯನ್ನೂ ವಿಮಾ ಕಂಪನಿಯನ್ನೂ ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯುವುದು ವಿವೇಕ. ಅಪಘಾತವಾದ ಮರುದಿನ ವಿಮೆಯ ಹಣ ನಿರಾಕರಣೆಯಾದರೆ ಸಾಲ ಮಾಡಿ ವಾಹನ ಕೊಂಡ ರೈತಕುಟುಂಬ ಬೀದಿಗೆ ಬೀಳುತ್ತದೆ.

ಇಷ್ಟು ವಾಹನದ ಪಕ್ಷ. ಈಗ ಬಂಡೆಯ ಪಕ್ಷವನ್ನು ಆಲಿಸಬೇಕು.

ರಾಮನಗರದ ಕಡೆಯಿಂದ ಉತ್ತರಾಭಿಮುಖವಾಗಿ ನೂರಾರು ಕಿಲೋಮೀಟರ್ ಹಬ್ಬಿದ ಗ್ರಾನೈಟ್ ಶಿಲೆಯ ಪಟ್ಟಿಯೊಂದನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಚಿತ್ರದುರ್ಗ ಜಿಲ್ಲೆಯ ಪೂರ್ವದ ಅಂಚು ಆ ಪಟ್ಟಿಯ ಹಾದಿಯಲ್ಲಿದೆ. ಆ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಇಷ್ಟು ಹಳೆಯ, ಇಷ್ಟು ಗಟ್ಟಿಯಾದ ಕಲ್ಲಿಗೆ ಒಂದು ಪಿಕಪ್ಪಿನ ಕಂಬಿ ಏನು ಮಾಡೀತು ಎಂದು ಅನ್ನಿಸುವುದು ಸಹಜ. ಕಲ್ಲಿನ ಒಳಗಿಗೆ ಅದು ಏನನ್ನೂ ಮಾಡದು, ನಿಜ. ಆದರೆ ಕಲ್ಲುಗುಡ್ಡದ ಬದುಕು ಇರುವುದು ಕಲ್ಲಿನ ಒಳಗೆ ಅಲ್ಲ. ಅದರ ಮೈಮೇಲೆ, ಸಂದುಗಳಲ್ಲಿ, ಬುಡದಲ್ಲಿ. ಬಂಡೆಯ ಮೇಲೆ ಬೂದು, ಹಸಿರು, ಕಿತ್ತಳೆ ಬಣ್ಣಗಳಲ್ಲಿ ಹರಡುವ ಕಲ್ಲುಹೂವು ಅತ್ಯಂತ ನಿಧಾನವಾಗಿ ಬೆಳೆಯುವ ಜೀವಿ. ಹಲವು ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರನ್ನೂ ಬೆಳೆಯುವುದಿಲ್ಲ. ಅಂಗೈಯಗಲದ ಮಚ್ಚೆಯೊಂದು ಒಂದು ಮನುಷ್ಯಾಯುಷ್ಯದ ಗಳಿಕೆಯಾಗಿರಬಹುದು. ಗಾಲಿಯ ಒಂದು ಉಜ್ಜು, ಕಂಬಿಯ ಒಂದು ಕೆರೆತ ಅದನ್ನು ಕ್ಷಣದಲ್ಲಿ ಒರೆಸಿಹಾಕುತ್ತದೆ.

ಹಾಸುಬಂಡೆಯ ಮೇಲಿನ ದೊಣೆಗಳನ್ನು ದನ ಕಾಯುವ ಹುಡುಗರೆಲ್ಲ ಬಲ್ಲರು. ಮಳೆ ನಿಂತ ಮೇಲೂ ಕೆಲವು ವಾರ ನೀರು ಹಿಡಿದಿಡುವ ಈ ಕಲ್ಲುಗುಳಿಗಳು ಕುರಿಗಾಹಿಗೂ ಹಕ್ಕಿಗೂ ಕಪ್ಪೆಯ ಮರಿಗೂ ಆಸರೆ. ವಾಹನದಿಂದ ತೊಟ್ಟಿಕ್ಕಿದ ನಾಲ್ಕು ಹನಿ ಎಣ್ಣೆ ಒಂದು ದೊಣೆಯ ನೀರನ್ನು ಕೆಡಿಸಲು ಸಾಕು. ಗುಂಡುಕಲ್ಲುಗಳ ಸಂದಿನ ಗವಿಗಳಲ್ಲಿ ಕರಡಿ ಹಗಲು ಕಳೆಯುತ್ತದೆ. ನೆರೆಯ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವನ್ನು ಘೋಷಿಸಿದ್ದು ಇಂಥದೇ ಕಲ್ಲುಗುಡ್ಡಗಳ ನಡುವೆ. ಕೊಂಬಿನ ಗೂಬೆ ಗೂಡು ಕಟ್ಟುವುದಿಲ್ಲ. ಬಂಡೆಯ ಅಂಚಿನ ಬರಿ ಮಣ್ಣಿನಲ್ಲೇ ಮೊಟ್ಟೆಯಿಡುತ್ತದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಬೇರೆಲ್ಲೂ ಕಾಣಸಿಗದ ಹಳದಿ ಕತ್ತಿನ ಪಿಕಳಾರಕ್ಕೂ ಇಂಥ ಕುರುಚಲು ಇಳಿಜಾರುಗಳೇ ನೆಲೆ. ವಾಹನಕ್ಕೆ ಅಡ್ಡಿಯಾಗಿ ಕಾಣುವ ಕಲ್ಲು ಇಷ್ಟು ಜೀವಗಳಿಗೆ ಮನೆಯಾಗಿದೆ.

ಎಲ್ಲಕ್ಕಿಂತ ದೊಡ್ಡ ಗಾಯ ಬೀಳುವುದು ಮಣ್ಣಿಗೆ. ಗುಡ್ಡದ ಇಳಿಜಾರಿನಲ್ಲಿ ಮಣ್ಣಿನ ಪದರ ಗೇಣುದ್ದವೂ ಇರುವುದಿಲ್ಲ. ಅದರ ಮೇಲೆ ಭಾರದ ಗಾಲಿ ಹತ್ತಾರು ಸಲ ಉರುಳಿದರೆ ಮಣ್ಣು ಒತ್ತೊತ್ತಾಗಿ ನೀರು ಇಂಗದಂತಾಗುತ್ತದೆ. ಇಂಗದ ನೀರು ಗಾಲಿಯ ಗೆರೆಯನ್ನೇ ಕಾಲುವೆಯಾಗಿಸಿಕೊಂಡು ಇಳಿಯುತ್ತದೆ. ಮೊದಲ ವರ್ಷ ಗೆರೆ, ಎರಡನೆಯ ವರ್ಷ ಕೊರಕಲು, ಕೆಲವೇ ಮಳೆಗಾಲಗಳಲ್ಲಿ ಆಳು ಇಳಿಯುವಷ್ಟು ಹಳ್ಳ. ಆಗ ಆ ದಾರಿ ವಾಹನಕ್ಕೂ ಬೇಡವಾಗಿ, ಪಕ್ಕದಲ್ಲೇ ಇನ್ನೊಂದು ದಾರಿ ಬೀಳುತ್ತದೆ. ವರ್ಷಕ್ಕೆ ಕೆಲವೇ ದಿನ ಮಳೆ ಸುರಿಯುವ ಸೀಮೆಯಲ್ಲಿ ಪ್ರತಿ ಹನಿಯೂ ಇಂಗಬೇಕಾದದ್ದು. ಗುಡ್ಡದ ನೆತ್ತಿಯಲ್ಲಿ ಇಂಗದೆ ಓಡಿದ ನೀರು ಕೆಳಗಿನ ಕೆರೆಗೆ ಹೂಳನ್ನು ಹೊತ್ತು ತರುತ್ತದೆ. ಬಾವಿಗೆ ಏನನ್ನೂ ತರುವುದಿಲ್ಲ.

ಈ ಸೀಮೆಯ ಬಂಡೆಗೆ ಇನ್ನೂ ಒಂದು ಹಿರಿಮೆಯಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಕ್ರಿ.ಪೂ. ಮೂರನೆಯ ಶತಮಾನದ ಈ ಬರಹಗಳನ್ನು ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ಬುಡದಲ್ಲಿ ಉತ್ಖನನ ನಡೆಸಿದರು. ಇಸಿಲ ಎಂಬ ಪಟ್ಟಣದ ಅಧಿಕಾರಿಗಳಿಗೆ ಕಳುಹಿಸಿದ ಆ ಆಜ್ಞೆಯಲ್ಲಿ ಹಿರಿಯರ ಮಾತು ಕೇಳುವುದು, ಸತ್ಯ ನುಡಿಯುವುದು ಎಂಬುದರ ಜೊತೆಗೆ ಜೀವಿಗಳ ಮೇಲೆ ದಯೆಯಿರಬೇಕೆಂಬ ಮಾತೂ ಇದೆ. ಬರೆದ ಲಿಪಿಕಾರ ಚಪಡನು ತನ್ನ ವೃತ್ತಿಯ ಹೆಸರನ್ನು ಮಾತ್ರ ದೂರದ ವಾಯುವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಇಪ್ಪತ್ತೆರಡು ಶತಮಾನಗಳಿಗೂ ಮೀರಿ ಆ ಅಕ್ಷರಗಳು ಉಳಿದುಬಂದದ್ದು ಬಂಡೆಯ ಮೈ ಉಜ್ಜಿಹೋಗದೆ ಇದ್ದುದರಿಂದ. ಸಂರಕ್ಷಿತ ಶಾಸನಗಳನ್ನು ವಿರೂಪಗೊಳಿಸುವುದು 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಂತೆ ಅಪರಾಧ. ಆದರೆ ಗುರುತಿಸಿ ಬೇಲಿ ಹಾಕಿದ ಬಂಡೆಗೆ ಮಾತ್ರ ಆ ರಕ್ಷಣೆ. ಗುರುತಿಸದ ಶಿಲಾಗೋರಿ, ಕಲ್ಲಿನ ಮೇಲಿನ ಹಳೆಯ ಗೀರು, ಬಣ್ಣದ ಚಿತ್ರ ಎಲ್ಲಿ ಇದೆಯೋ ತಿಳಿಯದ ಸೀಮೆಯಲ್ಲಿ ಎಲ್ಲ ಬಂಡೆಯನ್ನೂ ಎಚ್ಚರದಿಂದ ಮುಟ್ಟುವುದೇ ಲೇಸು.

ಮಲೆನಾಡಿನ ಅನುಭವ ಇಲ್ಲಿ ಪಾಠವಾಗಬೇಕು. ಮೂಕಾಂಬಿಕಾ ಅಭಯಾರಣ್ಯದ ಮಡಿಲಲ್ಲಿರುವ ಕೊಡಚಾದ್ರಿಗೂ, ಕೊಡಗಿನ ಮಾಂದಲ್‌ಪಟ್ಟಿಗೂ ಪ್ರವಾಸಿಗರನ್ನು ಹೊತ್ತು ಜೀಪುಗಳು ಕಲ್ಲುಮಣ್ಣಿನ ದಾರಿಯಲ್ಲಿ ಏರುತ್ತವೆ. ಆ ಜೀಪುಗಳನ್ನು ನಂಬಿ ಬದುಕುವ ಸ್ಥಳೀಯ ಕುಟುಂಬಗಳಿವೆ. ಅವರ ಅನ್ನವನ್ನು ಹಗುರವಾಗಿ ಮಾತನಾಡಲಾಗದು. ಆದರೆ ಗುಡ್ಡದ ದಾರಿಯೇ ನೋಟವಾಗಿ, ದಾರಿಯ ದುರ್ಗಮತೆಯೇ ಮಾರಾಟದ ಸರಕಾದಾಗ ಆಗುವುದೇನೆಂಬುದು ಅಲ್ಲಿ ಕಾಣುತ್ತದೆ. ದಾರಿ ಎಷ್ಟು ಕೆಟ್ಟಿದೆಯೋ ಅಷ್ಟು ಅದರ ಬೆಲೆ ಹೆಚ್ಚುತ್ತದೆ; ಆಗ ಅದನ್ನು ದುರಸ್ತಿ ಮಾಡಬೇಕೆಂಬ ಒತ್ತಾಯವೇ ಯಾರಿಂದಲೂ ಹುಟ್ಟುವುದಿಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಿನ ಬೆಟ್ಟಗಳು ಕುಸಿದು ಊರುಗಳು ಹೂತುಹೋದವು. ಆ ಕುಸಿತಕ್ಕೆ ಜೀಪುಗಳೇ ಕಾರಣವೆಂದು ಯಾರೂ ಹೇಳಲಾರರು. ಬೆಟ್ಟದ ಮಣ್ಣು ಎಷ್ಟು ನಾಜೂಕಿನದೆಂಬುದನ್ನು ಮಾತ್ರ ಆ ಮಳೆ ಎಲ್ಲರಿಗೂ ತೋರಿಸಿಕೊಟ್ಟಿತು. ಬಯಲುಸೀಮೆಯ ಗುಡ್ಡ ಹಾಗೆ ಒಮ್ಮೆಲೇ ಕುಸಿಯದು. ಸದ್ದಿಲ್ಲದೆ, ವರ್ಷವರ್ಷವೂ ಸವೆಯುತ್ತದೆ. ಸದ್ದಿಲ್ಲದ ನಷ್ಟಕ್ಕೆ ಪರಿಹಾರ ಕೇಳುವವರೂ ಇರುವುದಿಲ್ಲ.

ಜಾರುಕಂಬಿಯ ಸಂಸ್ಕೃತಿ ಬೆಳೆದು ಬಂದ ಅಮೆರಿಕದಲ್ಲೇ ಈ ಪ್ರಶ್ನೆ ಹಳೆಯದು. ದಾರಿಬಿಟ್ಟು ಓಡುವ ವಾಹನಗಳಿಂದ ಸಾರ್ವಜನಿಕ ಭೂಮಿಗೆ ಆಗುತ್ತಿದ್ದ ಹಾನಿಯನ್ನು ಕಂಡು, ಅಧ್ಯಕ್ಷ ನಿಕ್ಸನ್ 1972ರಲ್ಲಿ, ಅಂಥ ವಾಹನಗಳು ಓಡಬಹುದಾದ ಮತ್ತು ಓಡಬಾರದ ಪ್ರದೇಶಗಳನ್ನು ಗುರುತಿಸಬೇಕೆಂದು ಆಜ್ಞೆ ಹೊರಡಿಸಿದರು. ಹಾನಿ ಕಂಡಲ್ಲಿ ಕೂಡಲೇ ದಾರಿ ಮುಚ್ಚಬೇಕೆಂದು ಅಧ್ಯಕ್ಷ ಕಾರ್ಟರ್ 1977ರಲ್ಲಿ ಅದನ್ನು ಬಿಗಿಗೊಳಿಸಿದರು. ಕ್ಯಾಲಿಫೋರ್ನಿಯಾದ ರುಬಿಕಾನ್ ಎಂಬ ಹೆಸರಾಂತ ಕಲ್ಲುದಾರಿಯಿಂದ ಹೂಳು, ಎಣ್ಣೆ, ಮಲಿನ ನೀರಿಗೆ ಸೇರುತ್ತಿದೆಯೆಂದು ಅಲ್ಲಿನ ಜಲಮಂಡಳಿ 2009ರಲ್ಲಿ ಶುದ್ಧೀಕರಣದ ಆದೇಶ ನೀಡಿತು. ವಾಹನವನ್ನು ಸ್ವಾತಂತ್ರ್ಯದ ಕುರುಹೆಂದು ಭಾವಿಸುವ ನಾಡು ಕೂಡ ಗೆರೆ ಎಳೆಯಬೇಕಾಯಿತು. ಅಲ್ಲಿಂದ ಕಂಬಿಯನ್ನು ಮಾತ್ರ ತಂದು, ಗೆರೆಯನ್ನು ತರದೆ ಬಿಟ್ಟರೆ ಅರ್ಧ ವಿದ್ಯೆ ಕಲಿತಂತೆ.

ಈ ಸೀಮೆಗೆ ಗೆರೆಯ ಅರ್ಥ ಚೆನ್ನಾಗಿ ಗೊತ್ತು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆ ಹುಲ್ಲುಗಾವಲು 2007ರಿಂದೀಚೆಗೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಗಿ ಗೋಡೆಯೆದ್ದಾಗ, ಕುರಿಗಾಹಿಗಳ ಹಾದಿ ಮುಚ್ಚಿದ್ದನ್ನೂ, ಪ್ರಶ್ನೆ ಹಸಿರು ನ್ಯಾಯಮಂಡಳಿಯವರೆಗೆ ಹೋದದ್ದನ್ನೂ ಹಳ್ಳಿಗಳು ಮರೆತಿಲ್ಲ. ದೇವರ ಎತ್ತುಗಳನ್ನು ಸಾಕುವ ಮ್ಯಾಸನಾಯಕರ ಹಟ್ಟಿಗಳಿಗೆ ಉಳಿದ ಹುಲ್ಲು ಎಷ್ಟೆಂಬುದು ಬಾಯಿಲೆಕ್ಕದಲ್ಲಿದೆ. ಕಾವಲು ಕೈತಪ್ಪಿದ ಮೇಲೆ ಉಳಿದಿರುವುದು ಗುಡ್ಡದ ಇಳಿಜಾರು. ಬೆಂಗಳೂರಿನಿಂದ ಒಂದೇ ಬೆಳಗಿನ ಪ್ರಯಾಣದಷ್ಟು ದೂರದಲ್ಲಿರುವ ಈ ಗುಡ್ಡಗಳು ನಾಳೆ ವಾಹನದ ಮೋಜಿನ ಅಂಗಳವಾದರೆ, ಆಡು ಕುರಿಗಳಿಗೆ ಉಳಿಯುವ ಹುಲ್ಲು ಯಾವುದು?

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ, ಅಗತ್ಯದ ದಾರಿಗಳನ್ನು ಗ್ರಾಮಸಭೆಯಲ್ಲಿ ಹೆಸರಿಸಿ ಬರೆಯಿಸಬೇಕು. ಹೊಲಕ್ಕೆ, ಹಟ್ಟಿಗೆ, ಕೆರೆಗೆ, ಗುಡಿಗೆ ಹೋಗುವ ದಾರಿ ಇಂತಿಷ್ಟು ಎಂದು ಊರು ತಾನೇ ಹೇಳಬೇಕು. ಅಂಥ ದಾರಿಯಲ್ಲಿ ಕಲ್ಲು ತಲೆಯೆತ್ತಿದ್ದರೆ ಅಲ್ಲಿ ಕಲ್ಲುಹಾಸು, ಮೋರಿ, ನೀರು ಹೊರಳಿಸುವ ಅಡ್ಡಬದು ಕೇಳುವುದು ಗ್ರಾಮಸ್ಥರ ಹಕ್ಕು. ಒಂದು ದಾರಿಯನ್ನು ಸರಿಪಡಿಸಿದರೆ ಅದರಲ್ಲಿ ಓಡುವ ಎಲ್ಲ ವಾಹನಗಳ ಪಕ್ಕೆಯೂ ಉಳಿಯುತ್ತದೆ. ಒಂದು ವಾಹನಕ್ಕೆ ಕಂಬಿ ಬೆಸೆದರೆ ಉಳಿಯುವುದು ಅದೊಂದರ ಪಕ್ಕೆ. ಹಿಂದೆ ಬರುವ ಎತ್ತಿನ ಗಾಡಿಗೂ ಸೈಕಲ್ಲಿನ ವಿದ್ಯಾರ್ಥಿನಿಗೂ ದಾರಿ ಹಾಗೆಯೇ ಉಳಿಯುತ್ತದೆ. ಬಡವರ ಸೀಮೆಯಲ್ಲಿ ವಾಹನಗಳಿಗೆ ಕವಚ ಹೆಚ್ಚುತ್ತ ಹೋಗುವುದು ರಸ್ತೆಯ ಹೊಣೆ ಹೊತ್ತವರು ಹೊಣೆ ಮರೆತಿದ್ದಾರೆಂಬುದರ ಗುರುತು.

ಎರಡನೆಯದಾಗಿ, ಹೆಸರಿಸಿದ ದಾರಿಗಳಾಚೆಗೆ ವಾಹನವು ಗುಡ್ಡ ಹತ್ತಕೂಡದೆಂದು ಅದೇ ಗ್ರಾಮಸಭೆ ನಿರ್ಣಯಿಸಬೇಕು. ಕಾಯ್ದಿಟ್ಟ ಅರಣ್ಯಕ್ಕೂ ಅಭಯಾರಣ್ಯಕ್ಕೂ ಅನುಮತಿಯಿಲ್ಲದೆ ನುಗ್ಗುವುದನ್ನು 1963ರ ಕರ್ನಾಟಕ ಅರಣ್ಯ ಕಾಯಿದೆಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ತಡೆಯುತ್ತವೆ. ಗೋಮಾಳ, ಕಾವಲು, ಕಂದಾಯ ಗುಡ್ಡಗಳಿಗೆ ಅಷ್ಟು ಬಿಗಿಯಾದ ರಕ್ಷಣೆಯಿಲ್ಲ. ಅಲ್ಲಿ ಊರಿನ ಮಾತೇ ಬೇಲಿಯಾಗಬೇಕು. ಈ ನಿಯಮ ಹೊರಗಿನವರಿಗೆ ಮಾತ್ರವೆಂದು ಭಾವಿಸಿದರೆ ಅದು ನಿಲ್ಲುವುದಿಲ್ಲ. ಹಬ್ಬದ ದಿನ ಊರಿನ ಹುಡುಗರೇ ಪಂಥ ಕಟ್ಟಿ ಬಂಡೆಯ ಮೇಲೆ ವಾಹನ ಹತ್ತಿಸಿದರೂ ಅದೇ ನಿಯಮ ಅನ್ವಯವಾಗಬೇಕು.

ಮೂರನೆಯದು ವಿದ್ಯಾರ್ಥಿಗಳ ಪಾಲಿನ ಕೆಲಸ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ಆ ದಾಖಲಾತಿಯಲ್ಲಿ ಮರ, ಹಕ್ಕಿಗಳ ಹೆಸರುಗಳ ಜೊತೆಗೆ ದೊಣೆಗಳೂ ಗುಡ್ಡದ ದಾರಿಗಳೂ ಸೇರಲಿ. ಒಂದು ಗಾಲಿಗೆರೆಯನ್ನು ಆರಿಸಿಕೊಂಡು, ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಗಾಲದ ನಂತರ ಒಮ್ಮೆ, ಗುರುತಿಟ್ಟ ಹತ್ತು ಜಾಗಗಳಲ್ಲಿ ಅದರ ಆಳವನ್ನೂ ಅಗಲವನ್ನೂ ಅಳೆದು ಬರೆದಿಡುವುದಕ್ಕೆ ಒಂದು ಹಗ್ಗ, ಒಂದು ಅಳತೆಪಟ್ಟಿ, ಒಂದು ನೋಟುಪುಸ್ತಕ ಸಾಕು. ಮೂರು ವರ್ಷ ಹೀಗೆ ಅಳೆದ ಶಾಲೆಯ ಬಳಿ ಯಾವ ಅಧಿಕಾರಿಯೂ ತಳ್ಳಿಹಾಕಲಾಗದ ಪುರಾವೆ ಇರುತ್ತದೆ. ಕರಡಿಯ ಗವಿ, ಗೂಬೆಯ ಮೊಟ್ಟೆಯ ತಾಣಗಳನ್ನು ಮಾತ್ರ ಬಹಿರಂಗವಾಗಿ ಬರೆಯದೆ ಸಮಿತಿಯೊಳಗೇ ಇಟ್ಟುಕೊಳ್ಳುವುದು ಕ್ಷೇಮ.

ನಾಲ್ಕನೆಯದು ವಾಹನದ ಒಡೆಯರಿಗೆ. ಅಗತ್ಯಕ್ಕಾಗಿ ಕಂಬಿ ಬೇಕೇಬೇಕೆಂದರೆ, ಅನುಮತಿಯ ಪ್ರಶ್ನೆಯನ್ನು ಮೊದಲು ಬಗೆಹರಿಸಿಕೊಂಡು, ಬಲ್ಲ ಬೆಸುಗೆಗಾರನ ಕೈಯಲ್ಲಿ, ಸರಿಯಾದ ಉಕ್ಕಿನಿಂದ ಮಾಡಿಸಲಿ. ಪ್ರತಿ ಸುಗ್ಗಿಯ ನಂತರ ಬೆಸುಗೆಯ ಅಂಚುಗಳನ್ನು ತೊಳೆದು, ಬಿರುಕು ಕಾಣುತ್ತದೆಯೇ ಎಂದು ನೋಡಲಿ. ಹೆಚ್ಚಿದ ತೂಕದಷ್ಟು ಹೊರೆಯನ್ನು ಕಡಿಮೆ ಮಾಡಲಿ. ಕಂಬಿಯ ಮೇಲೆ ಬಂಡೆಯ ಗೀರು ಹೊಸದಾಗಿ ಬಿದ್ದಾಗಲೆಲ್ಲ, ಆ ಬಂಡೆಯ ಮೇಲೂ ಕಂಬಿಯ ಗೀರು ಬಿದ್ದಿದೆಯೆಂಬುದನ್ನು ನೆನೆಯಲಿ. ಕಂಬಿಯ ಗೀರಿಗೆ ಒಂದು ಡಬ್ಬಿ ಬಣ್ಣ ಸಾಕು. ಬಂಡೆಯ ಗೀರಿಗೆ ಯಾವ ಅಂಗಡಿಯಲ್ಲೂ ಬಣ್ಣ ಸಿಗದು.

ಗುಡ್ಡದ ಬುಡದ ಹಳ್ಳಿಗಳು ತಲೆಮಾರುಗಳಿಂದ ಕಲ್ಲನ್ನು ಬಳಸಿಕೊಂಡೇ ಬದುಕಿವೆ. ಮನೆಗೆ ಗೋಡೆ, ಹೊಲಕ್ಕೆ ಬದು, ಬಾವಿಗೆ ಕಟ್ಟೆ, ಕಣಕ್ಕೆ ಹಾಸು, ಎಲ್ಲವೂ ಕಲ್ಲಿನದೇ. ಎತ್ತಿನ ಗಾಡಿಯ ಕಾಲದಲ್ಲಿ ದಾರಿಯು ಬಂಡೆಯನ್ನು ಸುತ್ತಿ ಬಳಸಿ ಹೋಗುತ್ತಿತ್ತು, ಏಕೆಂದರೆ ಎತ್ತಿಗೆ ಬಂಡೆ ಹತ್ತಲಾಗದು. ಆ ಬಳಸುದಾರಿಗಳು ಇಂದಿಗೂ ನೆಲದ ಮೇಲೆ ಗುರುತಿಸಬಲ್ಲವಾಗಿ ಉಳಿದಿವೆ; ನೀರಿನ ಹರಿವನ್ನು ಅವು ಹೆಚ್ಚಾಗಿ ಕೆಡಿಸಿಲ್ಲ. ಪಿಕಪ್ಪಿನ ಕಾಲಕ್ಕೂ ಆ ಜಾಣ್ಮೆ ಸಲ್ಲುತ್ತದೆ. ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಕೊಂಡ್ಲಹಳ್ಳಿಯೂ ನೆರೆಯ ಊರುಗಳೂ ಗುಡ್ಡದ ದಾರಿಗಳ ವಿಷಯವನ್ನು ಸೇರಿಸಲಿ. ಯಾವ ದಾರಿ ಉಳಿಯಬೇಕು, ಯಾವುದು ಹುಲ್ಲಿಗೆ ಮರಳಬೇಕು ಎಂಬುದನ್ನು ಮಳೆ ಬೀಳುವ ಮೊದಲೇ ಊರು ತೀರ್ಮಾನಿಸಲಿ.